ಹತ್ತು ಎಣಿಸುವಷ್ಟು ಹೊತ್ತು

"ಭಾವ, ಮೀಟರಿನ ಮುಳ್ಳು ಅರ್ಧ ಗಂಟೆಯಿಂದ ಅಲ್ಲಾಡಿಲ್ಲ. ಎಲ್ಲೂ ಲೀಕ್ ಇಲ್ಲ," ಎಂದು ಭಾಮೈದ ಹಿತ್ತಲಿನಿಂದ ಕೂಗಿದಾಗ ಮೇಸ್ತ್ರಿ ಹಜಾರದ ಗೋಡೆಯ ಮುಂದೆ ನಿಂತು ತಂಪು-ಬಿಸಿ ಹೊಂದಿಸುವ ಥರ್ಮೋಸ್ಟಾಟಿಗೆ ಕೊನೆಯ ತಂತಿ ಸಿಕ್ಕಿಸುತ್ತಿದ್ದ. ಕಿತ್ತಳೆ ಬಣ್ಣದ ಸಣ್ಣ ತಂತಿ. ಅದು ಬೆರಳುಗಳ ನಡುವೆ ಇದೆಯೋ ಜಾರಿತೋ ತಿಳಿಯಲು ಕನ್ನಡಕ ಏರಿಸಿ ನೋಡಬೇಕಾಯಿತು. ಅಂದಾಜಿನ ಮೇಲೆ ಒಂದು ತಿರುಪಿಗೆ ಸಿಕ್ಕಿಸಿ ಬಿಗಿ ಮಾಡಿದ.

ಆರು ತಿಂಗಳಿಂದ ಹೀಗೇ. ಸಕ್ಕರೆ ಕಾಯಿಲೆ ಮೊದಲು ಕಾಲ್ಬೆರಳುಗಳನ್ನು ಮರಗಟ್ಟಿಸಿತ್ತು, ಆಮೇಲೆ ಅಂಗೈಗೆ ಬಂತು. "ಹೋದದ್ದು ಹೋಯ್ತು, ಇರೋದನ್ನ ಉಳಿಸ್ಕೊಳ್ಳಿ," ಎಂದಿದ್ದರು ಡಾಕ್ಟರು. ಮೇಸ್ತ್ರಿ ಹೆಂಡತಿಗೆ ಹೇಳಲಿಲ್ಲ. ಅವಳಿಗೆ ಹೇಳುವುದೂ ಒಂದೇ, ಅವಳ ತಮ್ಮನಿಗೆ ಹೇಳುವುದೂ ಒಂದೇ. ತಮ್ಮನಿಗೆ ಗೊತ್ತಾದ ದಿನ ತನ್ನ ಕೆಲಸ ಮುಗಿಯಿತು ಎಂದು ಮೇಸ್ತ್ರಿಗೆ ಗೊತ್ತಿತ್ತು. ಇಷ್ಟು ದೊಡ್ಡ ವಿಷಯಕ್ಕೆ ಹೆದರಿಕೆಯಾದರೂ ಆಗಬೇಕಿತ್ತು. ಆಗಿರಲಿಲ್ಲ.

ಮನೆ ಒಬ್ಬ ನಿವೃತ್ತ ಟೀಚರದು. ಬೇಸಿಗೆಗೆ ತಂಪು, ಚಳಿಗೆ ಬಿಸಿ, ಎರಡನ್ನೂ ಐದೂ ಕೋಣೆಗೆ ಹಂಚುವ ಯಂತ್ರ ಬೇಕೆಂದು ಎರಡು ತಿಂಗಳು ಈ ಮೇಸ್ತ್ರಿಗಾಗಿಯೇ ಕಾದಿದ್ದರು.

"ನನ್ನ ತಂಗಿ ಮನೇಲಿ ನೀವು ಕೂರ್ಸಿ ಒಂಬತ್ತು ವರ್ಷ ಆಯ್ತು, ಮೇಸ್ತ್ರಿಗಳೇ. ಆ ಮಿಷನ್ನು ಒಂದು ದಿನ ಕೆಮ್ಮಿಲ್ಲ. ಎಲ್ಲಾ ನಿಮ್ಮ ಕೈಗುಣ."

ಆ ಕೈಗುಣ ಊರಿಗೆಲ್ಲ ಗೊತ್ತಿದ್ದದ್ದೇ. ಯಂತ್ರ ಹತ್ತು ನಿಮಿಷ ಓಡಿದ ಮೇಲೆ ಮೇಸ್ತ್ರಿ ತಣ್ಣಗಾಗಬೇಕಾದ ದಪ್ಪ ಕೊಳವೆಯ ಕಪ್ಪು ಸ್ಪಂಜನ್ನು ಸರಿಸಿ, ತಾಮ್ರದ ಮೇಲೆ ಅಂಗೈಯಿಟ್ಟು ಮನಸ್ಸಿನಲ್ಲೇ ಹತ್ತು ಎಣಿಸುತ್ತಿದ್ದ. ಮೀಟರು ಏನೇ ಹೇಳಲಿ, ಅವನು "ಆಯ್ತು" ಅನ್ನುವವರೆಗೆ ಯಾರೂ ಚೀಲ ಕಟ್ಟುವಂತಿಲ್ಲ. "ಭಾವನ ಅಂಗೈಗೆ ಕಂಪನಿಯೋರು ಸಂಬಳ ಕೊಡ್ಬೇಕು," ಎಂದು ಭಾಮೈದ ಎಲ್ಲ ಮನೆಯಲ್ಲೂ ಹೇಳುತ್ತಿದ್ದ, ಎಲ್ಲ ಮನೆಯವರೂ ನಗುತ್ತಿದ್ದರು.

ಮೇಸ್ತ್ರಿ ಹಿತ್ತಲಿಗೆ ಬಂದು ಕೀಲಿ ತಿರುಗಿಸಿ ಕೊಳವೆಗಳಿಗೆ ಗ್ಯಾಸು ಬಿಟ್ಟ. ಒಳಗೆ ಟೀಚರು ಗುಂಡಿ ಒತ್ತಿದರು. ಫ್ಯಾನು ನಿಧಾನಕ್ಕೆ ತಿರುಗಿ, ಯಂತ್ರ ಗುಂಯ್ ಎಂದು ಶುರುವಾಯಿತು. ಭಾಮೈದ ಒಳಗೆ ಏಣಿ ಹತ್ತಿ ನೀರಿಳಿಯುವ ಪೈಪು ನೋಡಲು ಹೋದ. ಹತ್ತು ನಿಮಿಷ ಕಳೆಯಿತು. ಮೇಸ್ತ್ರಿ ಅಭ್ಯಾಸದಂತೆ ಮೀಟರಿಗೆ ಬೆನ್ನು ಹಾಕಿ ಕುಕ್ಕರಗಾಲಿನಲ್ಲಿ ಕೂತು, ಸ್ಪಂಜು ಸರಿಸಿ, ಬಲಗೈ ಇಟ್ಟ. ಒಂದು, ಎರಡು, ಮೂರು. ಕೈಗೆ ಏನೂ ತಿಳಿಯಲಿಲ್ಲ. ಹತ್ತರವರೆಗೂ ಎಣಿಸಿದ.

"ತಣ್ಣಗಿದೆ. ಆಯ್ತು!" ಎಂದು ಕೂಗಿದ.

"ಎಲ್ಲಿ ತಣ್ಣಗಿದೆ?" ಒಳಗಿನಿಂದ ಟೀಚರ ದನಿ. "ಉರಿ ಉರಿ ಗಾಳಿ ಬರ್ತಿದೆ ರೀ! ಹಪ್ಪಳ ಒಣಗ್ಸೋಕೆ ಕರೆಸಿದ್ನಾ ನಿಮ್ಮನ್ನ?"

ಭಾಮೈದ ಓಡಿಬಂದ. ಮೇಸ್ತ್ರಿಯ ಕೈಯ ಪಕ್ಕದಲ್ಲೇ ಕೊಳವೆ ಮುಟ್ಟಿದವನು "ಅಯ್ಯಪ್ಪಾ!" ಎಂದು ಬೆರಳು ಕೊಡವಿದ. ಆಮೇಲೆ ನೋಡಿದ. ಭಾವನ ಅಂಗೈ ಇನ್ನೂ ಅದೇ ಕೊಳವೆಯ ಮೇಲಿತ್ತು. ಮಣಿಕಟ್ಟು ಹಿಡಿದು ಎಳೆದ. ಅಂಗೈ ಕೆಂಪಗಾಗಿ, ನಡುವೆ ಚರ್ಮ ಆಗಲೇ ಬೆಳ್ಳಗೆ ಏಳತೊಡಗಿತ್ತು.

"ಯಾವಾಗಿಂದ ಭಾವ?"

"ಆರು ತಿಂಗಳು."

"ಅಕ್ಕಂಗೆ ಗೊತ್ತಾ?"

"ಇಲ್ಲ."

ಭಾಮೈದ ಯಂತ್ರ ನಿಲ್ಲಿಸಿ, ನಲ್ಲಿಯ ಕೆಳಗೆ ಭಾವನ ಕೈ ಹಿಡಿದು ಬಹಳ ಹೊತ್ತು ನೀರು ಬಿಟ್ಟ, ಒದ್ದೆ ಬಟ್ಟೆ ಸುತ್ತಿದ. ಮೇಸ್ತ್ರಿ ಅದನ್ನೆಲ್ಲ ಬೇರೆ ಯಾರದೋ ಕೈಗೆ ಮಾಡುತ್ತಿದ್ದಾರೆ ಎನ್ನುವಂತೆ ನೋಡುತ್ತಿದ್ದ. ಭಾಮೈದ ಒಳಗೆ ಹೋಗಿ ಥರ್ಮೋಸ್ಟಾಟಿನ ಮುಚ್ಚಳ ತೆಗೆದ. ಕಿತ್ತಳೆ ತಂತಿ ಪಕ್ಕದ ತಿರುಪಿನಲ್ಲಿತ್ತು. ಅಷ್ಟಕ್ಕೇ ಯಂತ್ರ ತಂಪು ಕೇಳಿದರೆ ಬಿಸಿ ಕೊಟ್ಟಿತ್ತು. ಅದನ್ನು ಸರಿಯಾದ ತಿರುಪಿಗೆ ಹಾಕಿದ.

"ತಂತಿ ಅದಲುಬದಲಾಗಿತ್ತು ಟೀಚರ್. ನಂದೇ ಯಡವಟ್ಟು," ಎಂದು ಅವನು ಹೇಳಿದ್ದು ಹಿತ್ತಲಿಗೂ ಕೇಳಿಸಿತು.

"ವಯಸ್ಸು ನಲವತ್ತಾದ್ಮೇಲೂ ಬೈಸ್ಕೊಳ್ತೀಯಲ್ಲಪ್ಪ. ನಮ್ಮ ಕ್ಲಾಸಲ್ಲಿದ್ದಿದ್ರೆ ಬೆಂಚ್ ಹತ್ತಿಸ್ತಿದ್ದೆ."

ಎರಡನೆಯ ಸಲ ಯಂತ್ರ ಹತ್ತು ನಿಮಿಷ ಓಡಿದಾಗ ಟೀಚರೂ ಹಿತ್ತಲಿಗೆ ಬಂದು ಸೆರಗು ಸಿಕ್ಕಿಸಿ ನಿಂತರು. "ಎಲ್ಲಿ, ಕೈಯಿಡಿ ಮೇಸ್ತ್ರಿಗಳೇ. ನೀವು ಕೈಯಿಟ್ಟು ಎಣಿಸೋವರ್ಗೂ ನಂಬಬೇಡ ಅಂದಿದ್ದಾಳೆ ನನ್ನ ತಂಗಿ."

ಒದ್ದೆ ಬಟ್ಟೆಯ ಕೈ ಮೇಸ್ತ್ರಿಯ ಬೆನ್ನ ಹಿಂದಿತ್ತು. ಎಡಗೈ ಖಾಲಿ ಇತ್ತು. ಇಡಬಹುದಿತ್ತು. ತಾಮ್ರದ ಮೇಲೆ ನೀರಹನಿಗಳು ಸಾಲುಗಟ್ಟಿದ್ದವು, ಕೊಳವೆ ತಣ್ಣಗಾಗಿದೆ ಎಂದು ಕಣ್ಣಿಗೇ ಕಾಣುತ್ತಿತ್ತು. ಹತ್ತು ಎಣಿಸಿ "ಆಯ್ತು" ಅಂದರೆ ಅದು ನಿಜವೇ ಆಗುತ್ತಿತ್ತು. ಈ ಮನೆಯಲ್ಲಿ ನಿಜ. ಮುಂದಿನ ಮನೆಯಲ್ಲಿ ದೇವರೇ ಗತಿ. ಭಾಮೈದ ಬೇರೆ ಕಡೆ ನೋಡುತ್ತ ನಿಂತಿದ್ದ.

"ನೀನಿಡು," ಎಂದ ಮೇಸ್ತ್ರಿ.

"ನಾನಾ?"

"ಹೂಂ. ಹತ್ತು ಎಣಿಸು. ಅವಸರ ಮಾಡ್ಬೇಡ."

ಭಾಮೈದ ಕುಕ್ಕರಗಾಲಿನಲ್ಲಿ ಕೂತು ಅಂಗೈಯಿಟ್ಟ. ಅವನ ತುಟಿ ಅಲ್ಲಾಡುತ್ತಿತ್ತು. ಮೇಸ್ತ್ರಿಯೂ ಒಳಗೊಳಗೇ ಎಣಿಸಿದ, ಇಬ್ಬರದೂ ಒಟ್ಟಿಗೇ ಮುಗಿಯಿತು.

"ಹೆಂಗಿದೆ?" ಮೂವತ್ತು ವರ್ಷದಲ್ಲಿ ಮೇಸ್ತ್ರಿ ಈ ಪ್ರಶ್ನೆಯನ್ನು ಯಾರಿಗೂ ಕೇಳಿರಲಿಲ್ಲ.

"ತಣ್ಣಗಿದೆ ಭಾವ."

"ಹಾಗಾದ್ರೆ ಹೇಳು ಅವರಿಗೆ."

ಭಾಮೈದ ಎದ್ದು ಗಂಟಲು ಸರಿಮಾಡಿಕೊಂಡ. "ಆಯ್ತು ಟೀಚರ್."

ಟೀಚರು ಇಬ್ಬರ ಮುಖವನ್ನೂ ಒಮ್ಮೆ ನೋಡಿ, ನೀರು ತರಲು ಒಳಗೆ ಹೋದರು.

ಭಾಮೈದ ಮೆಟ್ಟಿಲ ಮೇಲೆ ಹರಡಿದ್ದ ಸಾಮಾನು ತುಂಬತೊಡಗಿದ. ಸ್ಪ್ಯಾನರುಗಳು, ಮೀಟರು, ಪೈಪು ಕತ್ತರಿಸುವ ಚಕ್ರ. ಕೊನೆಗೆ ಬೆಸುಗೆಯ ಟಾರ್ಚು ಉಳಿಯಿತು. ಅದು ಎಂದೂ ಮೇಸ್ತ್ರಿಯ ಚೀಲ ಬಿಟ್ಟು ಬೇರೆ ಚೀಲಕ್ಕೆ ಹೋದದ್ದಲ್ಲ. ಭಾಮೈದ ಅದನ್ನು ಕೈಯಲ್ಲಿ ಹಿಡಿದು ಭಾವನ ಕಡೆ ನೋಡಿದ. ಮೇಸ್ತ್ರಿ ಫ್ಯಾನು ತಿರುಗುವುದನ್ನು ನೋಡುತ್ತಿದ್ದ. ಭಾಮೈದ ತನ್ನ ಚೀಲದ ಜಿಪ್ಪು ಎಳೆದು ಟಾರ್ಚನ್ನು ಅದರೊಳಗೆ ಇಟ್ಟುಕೊಂಡ.

ಮೇಸ್ತ್ರಿ ತನ್ನ ಚೀಲವನ್ನು ಹೆಗಲಿಗೆ ಏರಿಸಿದ. ಹಗುರವಾಗಿತ್ತು. ಅದು ಹೆಗಲಿಗೆ ಗೊತ್ತಾಯಿತು.