ಹೂವಿಲ್ಲದ ಹಿಂಡು

ಈ ಸೆಪ್ಟೆಂಬರಿನಲ್ಲಿ ಒಂದು ವಾರ ಬೆಟ್ಟದೂರಿಗೆ ಹೋಗುವುದೆಂದು ಅತ್ತೆ ಹೆರ್ಮೀನೆ ತೀರ್ಮಾನಿಸಿಯಾಗಿತ್ತು. ಯಾವ ಊರು ಎನ್ನುವುದನ್ನು ಮಾತ್ರ ಸೊಸೆ ಒಟೀಲಿಯಳಿಗೆ ಬಿಟ್ಟಿದ್ದರು.

"ಎಲ್ಲಿಗಾದ್ರೂ ಸರಿ. ಆದ್ರೆ ನೀನೇ ಆರಿಸ್ಬೇಕು, ಟೀಲಿ." ಪ್ರವಾಸ ಕಚೇರಿಯಿಂದ ಹೊತ್ತು ತಂದ ಪುಸ್ತಿಕೆಗಳನ್ನೆಲ್ಲ ಅಡುಗೆಮನೆಯ ಮೇಜಿನ ಮೇಲೆ ಸುರಿದರು. "ಫೆಬ್ರವರಿಯಿಂದ ಏನು ಕೇಳಿದ್ರೂ ನಿಮ್ಮಿಷ್ಟ ಅಂತೀಯ. ಕಾಫಿಗೆ ಹಾಲು ಬೇಕಾ ಅಂದ್ರೂ ನಿಮ್ಮಿಷ್ಟ. ನಿನ್ನ ಕಾಫಿಗೆ ನನ್ನಿಷ್ಟ ಏನಮ್ಮ?"

ಒಟೀಲಿಯ ನಗಲು ಪ್ರಯತ್ನಿಸಿದಳು. ಅತ್ತೆ ಹೇಳಿದ್ದು ಸುಳ್ಳಲ್ಲ. ಫೆಬ್ರವರಿಯಲ್ಲಿ ಅವಳ ಗಂಡ ಕೊನ್ರಾಡ್ ತನ್ನ ಕಚೇರಿಯ ಮೆಟ್ಟಿಲ ಮೇಲೆ ಕುಸಿದು ಬಿದ್ದಿದ್ದ, ಮತ್ತೆ ಏಳಲಿಲ್ಲ. ಅಂದಿನಿಂದ ಅವಳಿಗೆ ಏನೂ ಬೇಕು ಅನ್ನಿಸಿರಲಿಲ್ಲ, ಬೇಡ ಎಂದೂ ಅನ್ನಿಸಿರಲಿಲ್ಲ. ಗ್ರಾಜ್ ವಿಶ್ವವಿದ್ಯಾಲಯದಲ್ಲಿ ಒಣಗಿದ ಗಿಡಗಳನ್ನು ಕಾಗದಕ್ಕೆ ಅಂಟಿಸಿ ಹೆಸರು ಬರೆದಿಡುವ ಕೆಲಸ ಅವಳದು. ಗಿಡಗಳು ಏನನ್ನೂ ಕೇಳುತ್ತಿರಲಿಲ್ಲ.

ಮದುವೆಯಾದಂದಿನಿಂದ ಪ್ರತಿ ಚಳಿಗಾಲದಲ್ಲೂ ಗಂಡ ಹೆಂಡತಿ ಬೆಟ್ಟದೂರುಗಳ ಮಾತಾಡುತ್ತಿದ್ದರು. ಅವಳು ಸಿದ್ಧಳಾದಾಗಲೆಲ್ಲ ಕೊನ್ರಾಡ್, ಮುಂದಿನ ವರ್ಷ ಖಂಡಿತ, ಎನ್ನುತ್ತಿದ್ದ.

ಅತ್ತೆ ತಮ್ಮ ಮನೆಗೆ ಹೋದ ಮೇಲೆ ಒಟೀಲಿಯ ಒಂದೊಂದೇ ಪುಸ್ತಿಕೆ ತೆರೆದಳು.

ಮೊದಲಿಗೆ ಎಂಗಾಡಿನ್ ಕಣಿವೆ. ದಪ್ಪ ಗೋಡೆಗಳು, ಸುಣ್ಣ ಕೆರೆದು ಬಿಡಿಸಿದ ಚಿತ್ತಾರ, ಗೋಡೆಯೊಳಕ್ಕೆ ಇಳಿದುಹೋದ ಪುಟ್ಟ ಕಿಟಕಿಗಳು. ಅವಳು ಮನಸ್ಸಿನಲ್ಲೇ ಆ ಓಣಿಯಲ್ಲಿ ನಡೆದಳು. ಯಾರದೋ ಮನೆಯಿಂದ ಅಕ್ರೋಟು ಬೇಯುವ ವಾಸನೆ ಬಂತು. ಮುಂದೆ ಕೊನ್ರಾಡ್ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಹೋಗುತ್ತಿದ್ದ. ಕಾರಂಜಿಯ ಬಳಿ ತಿರುವು ಬಂದಾಗ ಅವನು ತಿರುಗಿ ನೋಡಲಿಲ್ಲ. ಅವಳು ಹಾಳೆ ಮಗುಚಿದಳು.

ಡೊಲೊಮೈಟ್ ಸೀಮೆಯಲ್ಲಿ ಸಂಜೆಯಾಗಿತ್ತು. ಬಂಡೆಗಳು ಮೊದಲು ಹಳದಿಯಾದವು, ಆಮೇಲೆ ಗುಲಾಬಿ, ಕೊನೆಗೆ ಯಾರೋ ಬೂದಿ ಎರಚಿದಂತೆ ಆರಿಹೋದವು. ಹೋಟೆಲಿನ ಜಗುಲಿಯಲ್ಲಿ ಜೋಡಿಜೋಡಿಯಾಗಿ ನಿಂತವರು ಬೆಟ್ಟಕ್ಕೆ ಚಪ್ಪಾಳೆ ತಟ್ಟಿದರು. ಅವಳ ಕೈಗಳು ಕೋಟಿನ ಜೇಬಿನಲ್ಲೇ ಉಳಿದವು.

ಬ್ರೆಗೆನ್ಸ್ ಕಾಡಿನ ಸೀಮೆಯಲ್ಲಿ ಮನೆಗಳಿಗೆ ಮೀನಿನ ಹಾಗೆ ಮರದ ಹುರುಪೆಗಳಿದ್ದವು. ಒಳಗೆ ಹೋಗಿ ಕೂತರೆ ಯಜಮಾನ ಏನೂ ಕೇಳದೆ ಎರಡು ತಟ್ಟೆ ತಂದಿಟ್ಟ.

ಮರುದಿನ ಹೆರ್ಮೀನೆ ಬಂದು ಎದುರಿಗೆ ಕೂತರು. "ಆಯ್ತಾ?"

"ಎಲ್ಲಾ ಚೆನ್ನಾಗಿದೆ, ಅತ್ತೆ."

"ಎಲ್ಲಾ ಚೆನ್ನಾಗಿದೆ ಅಂದ್ರೆ ಯಾವುದೂ ಬೇಡ ಅಂತ. ಫೋನ್ ತಗೋ. ಒಬ್ಬೊಬ್ಬರಿಗೂ ಮಾಡು. ನಾನಿಲ್ಲೇ ಕೂತಿರ್ತೀನಿ."

ಎಂಗಾಡಿನ್‌ನವಳು ಬಿಸಿಲನ್ನು ಹೊಗಳಿದಳು. ಬ್ರೆಗೆನ್ಸ್ ಕಾಡಿನವನು ಚೀಸನ್ನು ಹೊಗಳಿದ. ಡೊಲೊಮೈಟ್ ಹೋಟೆಲಿನವನಂತೂ ಅತ್ತೆಗೂ ಕೇಳಿಸುವಷ್ಟು ಗಟ್ಟಿಯಾಗಿ, ಪ್ರತಿ ಸಂಜೆ ಬ್ಯಾಂಡ್ ಇದೆ, ಕುಣಿತ ಇದೆ, ಒಂಟಿ ಹೆಂಗಸರನ್ನು ನಮ್ಮಲ್ಲಿ ಸುಮ್ಮನೆ ಕೂರೋದಕ್ಕೆ ಬಿಡೋದಿಲ್ಲ ಎಂದ.

"ಇವನು ಗಂಡಸು," ಎಂದರು ಹೆರ್ಮೀನೆ. "ಇಲ್ಲಿಗೇ ಹೋಗೋಣ?"

"ನಿಮ್ಮಿ..." ಎಂದು ಶುರುಮಾಡಿ ಒಟೀಲಿಯ ನಿಲ್ಲಿಸಿದಳು. ಅತ್ತೆ ಕಣ್ಣು ಬಿಟ್ಟರು. ಅವಳು ತಪ್ಪಿಸಿಕೊಳ್ಳುವವಳ ಹಾಗೆ ಕೊನೆಯ ಪುಸ್ತಿಕೆಯ ಸಂಖ್ಯೆ ಒತ್ತಿದಳು. ಪೂರ್ವ ಟಿರೋಲಿನ ಒಂದು ಸಣ್ಣ ಊರು. ಬೇಸಿಗೆಯೆಲ್ಲ ಮೇಲಿನ ಹುಲ್ಲುಗಾವಲಿನಲ್ಲಿ ಮೇಯ್ದ ಹಸುಗಳು ಹೂವಿನ ಕಿರೀಟ ತೊಟ್ಟು, ದೊಡ್ಡ ಗಂಟೆ ಕಟ್ಟಿಕೊಂಡು ಕೆಳಗಿಳಿದು ಬರುವ ಚಿತ್ರ ಅದರ ಮೇಲಿತ್ತು.

ಫೋನೆತ್ತಿದವಳ ಹೆಸರು ಕ್ರೆಸೆನ್ಸ್. ಹಸುಗಳೂ ಅವಳವೇ, ಅತಿಥಿಗಳಿಗೆ ಕೊಡುವ ಕೋಣೆಗಳೂ ಅವಳವೇ.

"ಕೋಣೆ ಇದೆ. ಎಲ್ಲಾ ಕೋಣೆಗಳೂ ಖಾಲಿ," ಎಂದಳು ಕ್ರೆಸೆನ್ಸ್. "ಮೊದಲೇ ಹೇಳ್ಬಿಡ್ತೀನಿ, ಆಮೇಲೆ ಬಂದು ಮುಖ ಊದಿಸ್ಕೋಬೇಡಿ. ಈ ವರ್ಷ ನಮ್ಮ ಹಸುಗಳಿಗೆ ಹೂವಿಲ್ಲ."

"ಯಾಕೆ?"

"ಜುಲೈನಲ್ಲಿ ಮೇಲೆ ಸಿಡಿಲು ಬಡೀತು. ಒಂದು ಹಸು ಹೋಯ್ತು."

"ಒಂದೇನಾ?"

"ಸಾಲದಾ?" ಆ ದನಿಯಲ್ಲಿ ಕೋಪವಿರಲಿಲ್ಲ. "ಮಿಕ್ಕವೆಲ್ಲ ಅದರ ಜೊತೇಲೇ ಮೇಯ್ದವು ತಾನೆ? ಹಿಂಡಲ್ಲಿ ಒಂದು ಹೋದ್ರೆ ಯಾವುದಕ್ಕೂ ಕಿರೀಟ ಇಲ್ಲ, ಗಂಟೆ ಇಲ್ಲ. ಸುಮ್ನೆ ನಡ್ಕೊಂಡು ಬರ್ತವೆ. ಕೋಣೆ ಹಿಡಿದಿದ್ದೋರೆಲ್ಲ ಬೇಡ ಅಂದ್ರು. ಪಕ್ಕದ ಕಣಿವೇಲಿ ಹೂವಿದೆ, ಅಲ್ಲಿನ ನಂಬರ್ ಕೊಡ್ಲಾ?"

"ಬೇಡ," ಎಂದಳು ಒಟೀಲಿಯ.

ಆ ಮಾತು ಎಲ್ಲಿಂದ ಬಂತೆಂದು ಅವಳಿಗೇ ತಿಳಿಯಲಿಲ್ಲ. ಅವಳ ಕಣ್ಣೆದುರು ಮಂಜಿನೊಳಗಿಂದ ಒಂದು ಬರಿತಲೆಯ ಹಸು ಹೊರಬಂತು, ಅದರ ಹಿಂದೆ ಇನ್ನೊಂದು. ಯಾರೂ ಯಾರನ್ನೂ ಏನೂ ಕೇಳುತ್ತಿರಲಿಲ್ಲ.

"ನಿಮ್ಮಲ್ಲಿಗೇ ಬರ್ತೀವಿ," ಎಂದು ಹೇಳಿ ಫೋನ್ ಇಟ್ಟಳು.

ವಿಷಯ ಕೇಳಿ ಹೆರ್ಮೀನೆ ಡೊಲೊಮೈಟ್ ಪುಸ್ತಿಕೆಯನ್ನು ಅವಳ ಮುಂದಕ್ಕೆ ತಳ್ಳಿದರು.

"ಸತ್ತ ಹಸುವಿನ ಸೂತಕಕ್ಕೆ ರಜೆ ಹಾಕಿ ಹೋಗೋದಾ?"

"ಹೂಂ."

"ನನಗೆ ಬ್ಯಾಂಡ್ ಬೇಕು, ಟೀಲಿ." ಅತ್ತೆಯ ದನಿ ಸಣ್ಣದಾಯಿತು. "ನನ್ನ ಮನೇಲಿ ರೇಡಿಯೋ ಆರಿಸೋದೇ ಇಲ್ಲ ನಾನು, ಗೊತ್ತಾ? ಆರಿಸಿದ್ರೆ ಗೋಡೆ ಹತ್ತಿರ ಬರುತ್ತೆ. ನಿನಗೆ ಗಂಡ ಹೋದ. ನನಗೆ ಹೋದವನು ಮಗ."

ಒಟೀಲಿಯಳ ನಾಲಗೆಯ ತುದಿಗೆ ಹಳೆಯ ಮಾತು ಬಂದು ನಿಂತಿತು. ಹೇಳಿಬಿಟ್ಟರೆ ಎಲ್ಲ ಸಲೀಸು. ಅತ್ತೆಗೆ ಬ್ಯಾಂಡ್ ಸಿಗುತ್ತದೆ, ಅವಳು ಜಗುಲಿಯಲ್ಲಿ ಕೈಗಳನ್ನು ಜೇಬಿನಲ್ಲಿಟ್ಟು ನಿಲ್ಲುತ್ತಾಳೆ, ಚಳಿಗಾಲ ಬರುತ್ತದೆ.

"ನನಗೆ ಅಲ್ಲಿಗೇ ಹೋಗ್ಬೇಕು, ಅತ್ತೆ. ನೀವು ಬರದಿದ್ರೆ ಒಬ್ಬಳೇ ಹೋಗ್ತೀನಿ."

ಹೆರ್ಮೀನೆ ಅವಳನ್ನು ನೋಡಿದರು. ಪುಸ್ತಿಕೆಗಳನ್ನು ಒಂದರ ಮೇಲೊಂದು ಜೋಡಿಸಿದರು, ಮತ್ತೆ ಕೆಡವಿದರು.

"ಏಳು ತಿಂಗಳಾದ ಮೇಲೆ ಒಂದು ಆಸೆ ಹುಟ್ತು. ಅದೂ ಇಂಥದ್ದು," ಎಂದರು. "ಒಬ್ಬಳೇ ಹೋಗ್ತಾಳಂತೆ. ರೈಲಲ್ಲಿ ಸೂಟ್‌ಕೇಸ್ ಎತ್ತೋರು ಯಾರು, ನಾನು ತಾನೆ?"

ಹಿಂಡು ಇಳಿಯುವ ಬೆಳಿಗ್ಗೆ ಕ್ರೆಸೆನ್ಸಳ ಊರನ್ನು ಮಂಜು ಮುಚ್ಚಿತ್ತು. ಲಾರ್ಚ್ ಮರಗಳ ತುದಿ ಆಗಷ್ಟೇ ಹೊನ್ನಾಗುತ್ತಿದ್ದದ್ದು ಕಾಣುತ್ತಿತ್ತು, ಕಾಣದಾಗುತ್ತಿತ್ತು. ಊರವರು ಬೇಲಿಗಳ ಬಳಿ ಬಂದು ನಿಂತಿದ್ದರು. ಮಾತಿತ್ತು, ಆದರೆ ಮೆಲ್ಲಗೆ. ಯಾರೂ ಇವರಿಬ್ಬರನ್ನು ಎಲ್ಲಿಂದ, ಯಾಕೆ ಎಂದು ಕೇಳಲಿಲ್ಲ. ಒಬ್ಬ ಮುದುಕ ಜರುಗಿ ಜಾಗ ಕೊಟ್ಟ.

ಮೊದಲು ಗೊರಸಿನ ಸದ್ದು ಬಂತು. ತೇವದ ದಾರಿಯ ಮೇಲೆ ಬಹಳ ಜನ ಬರಿಗೈಯಿಂದ ಮಣ್ಣು ತಟ್ಟಿದ ಹಾಗೆ. ಆಮೇಲೆ ಮಂಜು ತೆಳ್ಳಗಾದ ಕಡೆ ಒಂದು ಕಂದು ತಲೆ ಕಂಡಿತು. ಹೂವಿರಬೇಕಾದಲ್ಲಿ ಬರೀ ಹಣೆ, ಅದರ ಮೇಲೆ ನೀರಹನಿ. ಹಿಂದೆ ಇನ್ನೊಂದು, ಮತ್ತೊಂದು. ಅವುಗಳ ಉಸಿರಿನ ಹಬೆ ಮಂಜಿನೊಳಗೆ ಸೇರಿಹೋಗುತ್ತಿತ್ತು. ಊರೇ ನಿದ್ದೆಯಲ್ಲಿ ಕಂಡ ಕನಸೊಂದು ಬೀದಿಯಲ್ಲಿ ನಡೆದು ಹೋದ ಹಾಗಿತ್ತು.

"ಅದು ನೋಡು, ಥೇಟ್ ನಮ್ಮ ಗಣಿತದ ಮೇಡಂ," ಎಂದು ಹೆರ್ಮೀನೆ ಪಿಸುಗುಟ್ಟಿದರು. ಒಂದು ಹಸು ಬೇಲಿಯವರೆಗೆ ಬಂದು ಅವರ ತೋಳನ್ನು ಮೂಸಿತು. ಅವರು ತೋಳು ಹಿಂದೆಗೆಯಲಿಲ್ಲ.

"ಅವನಿಗೆ ಹಸು ಅಂದ್ರೆ ಹೆದರಿಕೆ," ಎಂದರು ಅದು ಮುಂದೆ ಹೋದ ಮೇಲೆ.

"ಯಾರಿಗೆ?"

"ಕೊನ್ರಾಡ್‌ಗೆ. ಚಿಕ್ಕವನಿದ್ದಾಗ ಒಂದು ಹಸು ಅವನ ಟೋಪಿ ತಿಂದ್ಬಿಡ್ತು. ಆಮೇಲೆ ಹಸು ಇರೋ ಕಡೆ ಕಾಲಿಡ್ಲಿಲ್ಲ."

ಒಟೀಲಿಯ ಅತ್ತೆಯ ಕಡೆ ತಿರುಗಿದಳು. "ಅದಕ್ಕೇನಾ ಪ್ರತಿ ಸಲ ಮುಂದಿನ ವರ್ಷ ಅಂತಿದ್ದದ್ದು?"

"ಮತ್ತೆ? ಹೆಂಡ್ತಿ ಹತ್ರ ಹೇಳ್ಕೊಳ್ತಾನಾ? ನಿನ್ನೆದುರು ದೊಡ್ಡ ಶೂರ."

ಒಟೀಲಿಯಳಿಗೆ ನಗು ಬಂತು. ಬಂದದ್ದು ನಿಲ್ಲಲಿಲ್ಲ, ನಡುವೆ ಎಲ್ಲೋ ಅಳುವಾಯಿತು. ಹೆರ್ಮೀನೆ ಅವಳ ತೋಳು ಹಿಡಿದುಕೊಂಡರು. ಅವರ ಗಲ್ಲವೂ ಒದ್ದೆಯಾಗಿತ್ತು. ಪಕ್ಕದ ಮುದುಕ ದಾರಿಯನ್ನೇ ನೋಡುತ್ತ ನಿಂತ. ಇಲ್ಲಿ ಈ ಬೆಳಿಗ್ಗೆ ಅತ್ತರೆ ಏನೂ ವಿಶೇಷವಿರಲಿಲ್ಲ. ಹಿಂಡು ಪೂರ್ತಿ ದಾಟುವವರೆಗೂ ಮೂವರೂ ಹಾಗೇ ನಿಂತಿದ್ದರು.

ಮಧ್ಯಾಹ್ನ ಕ್ರೆಸೆನ್ಸ್ ಬಾರ್ಲಿ ಸೂಪು ಬಡಿಸಿದಳು. ಹೆರ್ಮೀನೆ ಕೇಳಿದರು, "ಇದು ಎಲ್ಲಿವರೆಗೆ? ಮುಂದಿನ ವರ್ಷನೂ ಹೀಗೇನಾ?"

"ಛೇ, ಇಲ್ಲಪ್ಪ. ಈ ಒಂದು ಸಲ, ಅಷ್ಟೇ. ಮುಂದಿನ ವರ್ಷ ಕಿರೀಟ ಕಟ್ಟದೆ ಇದ್ರೆ ಊರವರು ನನ್ನ ಜಿಪುಣಿ ಅಂತಾರೆ." ಕ್ರೆಸೆನ್ಸ್ ಸೌಟು ಪಾತ್ರೆಯಲ್ಲಿಟ್ಟಳು. "ಹೂವಿನ ವರ್ಷ ಕೋಣೆ ಬೇಗ ತುಂಬುತ್ತೆ. ನಿಮಗೆ ಒಂದು ಇಟ್ಟಿರ್ಲಾ?"

ಹೆರ್ಮೀನೆ ಬಾಯಿ ತೆರೆದರು, ಸೊಸೆಯ ಕಡೆ ನೋಡಿ ಮುಚ್ಚಿಕೊಂಡರು.

ಕೊಟ್ಟಿಗೆಯಿಂದ ಹುಲ್ಲು ಅಗಿಯುವ ಸದ್ದು ಬರುತ್ತಿತ್ತು. ಒಟೀಲಿಯ ಚಮಚ ಕೆಳಗಿಟ್ಟಳು.

"ಇಟ್ಟಿರಿ," ಎಂದಳು. "ಹೂವಿದ್ರೂ ಬರ್ತೀವಿ."