ಇಪ್ಪತ್ತೊಂದು, ಮೂವತ್ತೊಂದು

ಈ ಅರಿಶಿನದ ಕಲೆ ಯಾವಾಗ ಆಯಿತು, ಕೀಬೋರ್ಡಿನಲ್ಲಿ ಮೇಲ್ಮುಖದ ಬಾಣವಿರುವ ಕೀಲಿಯ ಮೇಲೆ, ಬೆರಳ ತುದಿಯಷ್ಟೇ ಅಗಲ, ನನ್ನದೇ ಬೆರಳಿರಬೇಕು, ಮಂಗಳವಾರ ಚಿತ್ರಾನ್ನ ತಿಂದು ಕೈ ಸರಿಯಾಗಿ ತೊಳೆಯದೆ ಕೂತೆನೇ — ಇಲ್ಲ, ಆಗಿನ್ನೂ ಹತ್ತೂವರೆ, ಡಬ್ಬಿ ತೆರೆದೇ ಇರಲಿಲ್ಲ, ಹಾಗಾದರೆ ಸೋಮವಾರದ್ದು, ಅಥವಾ ಅದಕ್ಕೂ ಹಿಂದಿನದು, ಕಲೆಗೆ ಯಾಕೆ ದಿನ ಹುಡುಕುತ್ತಿದ್ದೇನೆ, ಹುಡುಕಬೇಕಾದದ್ದು ಬೇರೆ, ಮಂಗಳವಾರ ಹತ್ತೂವರೆಗೆ ಈ ಕೀಲಿಯನ್ನು ಎಷ್ಟು ಸಲ ಒತ್ತಿದೆ, ಒಂದು ಸಲವೋ ಎರಡು ಸಲವೋ. ಕುಣಿಗಲ್ ಆಸ್ಪತ್ರೆಯ ನರ್ಸು ಫೋನ್ ಮಾಡಿದ್ದಳು, ಮೇಡಂ, ನಮ್ ಸರ್ವರ್ರು ಅಲ್ಲಾಡ್ತಾನೇ ಇಲ್ಲ, ಚೀಟಿ ಕೊಡಕ್ಕಾಗ್ತಿಲ್ಲ, ಜನ ಬಾಗ್ಲಿಂದಾಚೆ ನಿಂತವ್ರೆ, ಆಯ್ತು ಬಿಡಮ್ಮ, ಇಲ್ಲಿಂದ್ಲೇ ಆಫ್ ಮಾಡಿ ಆನ್ ಮಾಡ್ತೀನಿ ಅಂದೆ, ಎಷ್ಟು ಸಲೀಸಾಗಿ ಅಂದೆ, ತುಮಕೂರಿನ ಕಚೇರಿಯ ಈ ಕುರ್ಚಿಯಲ್ಲಿ ಕೂತು ಕುಣಿಗಲ್ಲಿನ ಯಂತ್ರವನ್ನು ಮುಟ್ಟುವುದು ಪಕ್ಕದ ಕೋಣೆಯ ದೀಪ ಆರಿಸಿದಷ್ಟೇ ಅನ್ನುವ ಹಾಗೆ. ಹೋದ ವರ್ಷದವರೆಗೆ ಯಂತ್ರ ನಿಂತರೆ ಬಸ್ಸು ಹತ್ತಬೇಕಿತ್ತು, ಕುಣಿಗಲ್ಲಿಗೆ ಹೋಗಿ ಗುಂಡಿ ಒತ್ತಿ ಬರುವಷ್ಟರಲ್ಲಿ ಅರ್ಧ ದಿನ ಹೋಗುತ್ತಿತ್ತು. ಈಗ ಆಸ್ಪತ್ರೆಗಳನ್ನು ನಡೆಸುವ ಟ್ರಸ್ಟಿನವರು ಹೊಸ ಸರ್ವರ್ ಹಾಕಿಸಿದ್ದಾರೆ, ಗುಬ್ಬಿ ಆಸ್ಪತ್ರೆಗೊಂದು ಕುಣಿಗಲ್ಲಿಗೊಂದು, ಅವುಗಳ ಹೊಟ್ಟೆಯಲ್ಲಿ ಒಂದು ಪುಟ್ಟ ಎಲೆಕ್ಟ್ರಾನಿಕ್ ಚಿಪ್ಪಿದೆ, ಯಂತ್ರ ಮಲಗಿದ್ದರೂ ಅದು ಮಲಗುವುದಿಲ್ಲ, ನಾನು ಕಪ್ಪು ಪರದೆಯ ಮೇಲೆ ಒಂದು ಸಾಲು ಬರೆದರೆ ಅದು ಕೇಳಿಸಿಕೊಂಡು ಯಂತ್ರವನ್ನು ಆರಿಸುತ್ತದೆ, ಹೊತ್ತಿಸುತ್ತದೆ. ಆ ಸಾಲಿನ ನಡುವೆ ಯಂತ್ರದ ವಿಳಾಸ, ಗುಬ್ಬಿಯದರ ಕೊನೆಗೆ ಇಪ್ಪತ್ತೊಂದು, ಕುಣಿಗಲ್ಲಿನದಕ್ಕೆ ಮೂವತ್ತೊಂದು. ಬಾಣದ ಕೀಲಿ ಒತ್ತಿದರೆ ಹಿಂದೆ ಬರೆದ ಸಾಲು ತಾನಾಗಿ ಬರುತ್ತದೆ, ಇನ್ನೊಮ್ಮೆ ಒತ್ತಿದರೆ ಅದರ ಹಿಂದಿನದು, ಹೊಸದಾಗಿ ಬರೆಯುವ ಶ್ರಮವಿಲ್ಲ, ಬಂದ ಸಾಲಿನ ಕೊನೆಯ ಪದ ಅಳಿಸಿ ಆಫ್ ಎಂದು ಬರೆದೆ, ಎಂಟರ್ ಒತ್ತಿದೆ, ಆದರೆ ಬಂದ ಸಾಲು ಬೆಳಿಗ್ಗೆ ಗುಬ್ಬಿಯ ಯಂತ್ರ ಚೆನ್ನಾಗಿದೆಯೇ ಎಂದು ಕೇಳಿದ ಸಾಲು, ಕೊನೆಯ ಪದ ನೋಡಿದೆ, ನಡುವಿನ ಸಂಖ್ಯೆ ನೋಡಲಿಲ್ಲ — ನೋಡಿದೆನೇ, ನೋಡಿಯೂ ಮೂವತ್ತೊಂದು ಅಂತಲೇ ಓದಿಕೊಂಡೆನೇ, ಗೊತ್ತಿಲ್ಲ, ನಿಜವಾಗಿಯೂ ಗೊತ್ತಿಲ್ಲ. ಆಫ್ ಆಯಿತು ಅಂತ ಉತ್ತರ ಬಂತು. ಆನ್ ಅಂತ ಬರೆಯುವಷ್ಟರಲ್ಲಿ ಮತ್ತೆ ಕುಣಿಗಲ್ ನರ್ಸು, ಇನ್ನೂ ಹಂಗೇ ಐತಲ್ಲ ಮೇಡಂ, ಅದಕ್ಕೇ ಮೊದಲನೆಯದು ಕೆಲಸ ಮಾಡಿಲ್ಲ ಅಂದುಕೊಂಡು ಪೂರ್ತಿ ಸಾಲನ್ನು ಹೊಸದಾಗಿ ಬರೆದೆ, ಮೂವತ್ತೊಂದು ಅಂತಲೇ ಬರೆದೆ, ಆಫ್, ಆಮೇಲೆ ಆನ್, ಕುಣಿಗಲ್ ಸರಿಹೋಯಿತು, ಥ್ಯಾಂಕ್ಸ್ ಮೇಡಂ ಅಂದಳು, ಫೋನಿಟ್ಟು ನೀರು ಕುಡಿದೆ, ಆ ನೀರು ಕುಡಿಯುವ ಹೊತ್ತಿಗೆ ಗುಬ್ಬಿಯ ಯಂತ್ರ ಸತ್ತು ಕಾಲು ಗಂಟೆಯಾಗಿತ್ತು, ಇಲ್ಲಿ ಒಂದಿಷ್ಟೂ ಸದ್ದಿಲ್ಲ.

ಸದ್ದಿರಬೇಕಿತ್ತು. ಗುಬ್ಬಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದಿನಗೂಲಿ ಆಪರೇಟರ್ ಆಗಿದ್ದಾಗ, ತೊಂಬತ್ತೊಂದರಲ್ಲಿ, ಬೋರ್ಡಿನ ಮುಂದೆ ಎತ್ತರದ ಸ್ಟೂಲು, ಕಿವಿಗೆ ಬಿಗಿಯುವ ಹೆಡ್‌ಸೆಟ್ಟು, ವೈರಿನ ಬಳ್ಳಿ ಎಳೆದು ತೂತಿಗೆ ಸಿಕ್ಕಿಸಿದರೆ ಟಕ್ ಎನ್ನುತ್ತಿತ್ತು, ತಪ್ಪು ತೂತಿಗೆ ಸಿಕ್ಕಿಸಿದರೆ ಆ ಕಡೆಯಿಂದ ಯಾರಾದರೂ ಕೂಡಲೇ ಬೈಯುತ್ತಿದ್ದರು, ಏನಮ್ಮ, ನಾನ್ ಕೇಳಿದ್ದು ಅಡಿಕೆ ಮಂಡಿ ನಂಬ್ರ, ನೀನ್ ಕೊಟ್ಟಿರೋದು ಯಾರ್ದೋ ಮನೇದು, ಕಣ್ ಕಾಣಲ್ವಾ ಅಂತ, ಬೈಗುಳ ಕೇಳಿದ ಮೇಲೆ ಬಳ್ಳಿ ಕಿತ್ತು ಸರಿಯಾದ ಕಡೆ ಹಾಕಿದರೆ ಮುಗಿಯಿತು, ತಪ್ಪು ಅಲ್ಲೇ ಹುಟ್ಟಿ ಅಲ್ಲೇ ಸಾಯುತ್ತಿತ್ತು. ಊರಿನ ಮಾತೆಲ್ಲ ನನ್ನ ಕಿವಿ ದಾಟಿ ಹೋಗುತ್ತಿತ್ತು, ಯಾರ ಮನೆಯಲ್ಲಿ ಹೆಣ್ಣು ನೋಡಿದರು, ಯಾರ ಮನೆಯಲ್ಲಿ ಯಾರು ಹಾಸಿಗೆ ಹಿಡಿದರು, ಕೇಳಬಾರದು ಅಂದುಕೊಂಡರೂ ಕೇಳಿಸುತ್ತಿತ್ತು, ಈಗಲೂ ಅಲ್ಲಿನವರಿಗೆ ನಾನು ಟೆಲಿಫೋನ್ ವನಜಮ್ಮನೇ, ವನಜಾಕ್ಷಿ ಅಂದರೆ ಯಾರು ಅಂತಾರೆ. ಈ ಹೊಸದರಲ್ಲಿ ಯಾರೂ ಕೇಳಿಸಿಕೊಳ್ಳುವ ಹಾಗಿಲ್ಲ, ರಂಗನಾಥ್ ಮೊದಲ ದಿನವೇ ಹೇಳಿಕೊಟ್ಟದ್ದು ಅದನ್ನೇ, ನನಗಿಂತ ಹದಿನೈದು ವರ್ಷ ಚಿಕ್ಕವನು, ನನ್ನ ಮೇಲಧಿಕಾರಿ, ಮೇಡಂ, ಈ ಪದ ಸೇರ್ಸಿ ಬರೀರಿ, ಆವಾಗ ಇಲ್ಲಿಂದ ಅಲ್ಲಿಗೆ ಹೋಗೋದೆಲ್ಲ ಗುಪ್ತಲಿಪೀಲಿ ಹೋಗುತ್ತೆ, ಮಧ್ಯ ಯಾವನ್ ಕೂತಿದ್ರೂ ಅವ್ನಿಗೆ ಒಂದಕ್ಷರ ಅರ್ಥ ಆಗಲ್ಲ, ಪಾಸ್‌ವರ್ಡು ನಿಮ್ಗೆ ನನ್ಗೆ ಬಿಟ್ರೆ ಇನ್ಯಾರ್ಗೂ ಬೇಡ, ಚೀಟೀಲೂ ಬರೀಬೇಡಿ. ಬರೆಯಲಿಲ್ಲ. ಪಾಸ್‌ವರ್ಡ್ ಹೊಡೆಯುವಾಗ ಪರದೆಯ ಮೇಲೆ ಚುಕ್ಕಿ ಕೂಡ ಮೂಡುವುದಿಲ್ಲ, ಮೊದಮೊದಲು ಬೆರಳು ನಿಜವಾಗಿ ಒತ್ತುತ್ತಿದೆಯೋ ಇಲ್ಲವೋ ಅನ್ನಿಸುತ್ತಿತ್ತು. ಭದ್ರ ಅಂದರೆ ಇದು, ಮಧ್ಯೆ ಯಾರೂ ಇಲ್ಲ, ಕೇಳಿಸಿಕೊಳ್ಳುವ ವನಜಾಕ್ಷಿ ಇಲ್ಲ, ತಪ್ಪು ನಂಬ್ರ ಕಣಮ್ಮ ಅನ್ನುವವರೂ ಇಲ್ಲ.

ಹನ್ನೊಂದು ಗಂಟೆಗೆ ಗುಬ್ಬಿಯಿಂದ ಬಸವರಾಜ್ ಫೋನ್ ಮಾಡಿದ, ಅಲ್ಲಿ ಚೀಟಿ ಕೊಡುವ ಕೌಂಟರಿನವನು, ಅಕ್ಕಾ, ಸರ್ವರ್ ಸತ್ತೋಗಿತ್ತು, ನಾನೇ ಗುಂಡಿ ಒತ್ತಿ ಎಬ್ಬಿಸ್ದೆ, ಆದ್ರೆ ಪೇಷೆಂಟ್ ಹೆಸ್ರುಗಳೆಲ್ಲ ಕಲಸೋಗವೆ, ಎಕ್ಸ್‌ರೇ ಒಂದೂ ತೆಗಿಯಂಗಿಲ್ಲ, ಯಾರೂ ಮುಟ್ಟಿಲ್ಲ, ಗಿರಿಯಮ್ಮ ಒಬ್ಳು ಒಳಗೆ ನೆಲ ಒರಿಸ್ತಿದ್ಲು, ಅವ್ಳೇ ವೈರ್ ಎಳ್ದಿರ್ಬೇಕು. ಆಗಲೇ ಹೇಳಬೇಕಿತ್ತು. ಆಗ ನನಗೇ ಹೊಳೆದಿರಲಿಲ್ಲವಲ್ಲ, ಹೌದಾ ಪಾಪ ಅಂದೆ, ಪಾಪ ಅಂದೆನಲ್ಲ. ಸಂಜೆಯವರೆಗೂ ಇಲ್ಲಿಂದ ರಂಗನಾಥ್ ಕೂತು ಹೆಸರುಗಳನ್ನು ಜೋಡಿಸಿದ, ಸಂಜೆ ಕಪ್ಪು ಪರದೆಯನ್ನು ಮೇಲಕ್ಕೆ ಸರಿಸಿ ನೋಡಿದಾಗ ಅಲ್ಲಿತ್ತು, ನನ್ನ ಸಾಲು, ಇಪ್ಪತ್ತೊಂದು, ಆಫ್. ನೋಡಿದವಳೇ ಮುಖ ತಿರುಗಿಸಿದೆ, ಮತ್ತೆ ನೋಡಿದೆ, ಇಪ್ಪತ್ತೊಂದೇ. ರಂಗನಾಥನಿಗೆ ತೋರಿಸಿದೆ. ಅವನು ಎದ್ದು ಬಾಗಿಲು ಮುಂದೆ ಮಾಡಿ ಬಂದ, ಮೇಡಂ, ಯಾರ್ಗೂ ಹೇಳ್ಬೇಡಿ, ಇದು ತುಂಬಾ ಸೇಫು ಅಂತ ಟ್ರಸ್ಟಿನವ್ರಿಗೆ ಹೇಳಿ ತರ್ಸಿದ್ದು ನಾನು, ಸ್ಕ್ರೀನ್ ಮೇಲಿರೋ ಆ ಕಿಟಕಿ ಮುಚ್ಬಿಡಿ, ಹಿಂದೆ ಬರ್ದಿರೋ ಸಾಲೆಲ್ಲ ಇರೋ ಹಿಸ್ಟರಿ ಒರಿಸ್ಬಿಡಿ, ಒಂದೇ ಕಮ್ಯಾಂಡು, ಆ ಮುದುಕಿ ಹೇಗೂ ಒಪ್ಕೊಂಡೈತಂತೆ. ಒಪ್ಪಿಕೊಂಡಿದೆ. ಯಾಕೆ ಒಪ್ಪಿಕೊಂಡಳು. ನಿನ್ನೆ ಬಸವರಾಜನ ಮೊಬೈಲಿಗೆ ಫೋನ್ ಮಾಡಿ ಅವಳಿಗೆ ಕೊಡಿಸಿದೆ, ಗಿರಿಯಮ್ಮಾ, ನಿಜವಾಗ್ಲೂ ವೈರ್ ಎಳೆದ್ರಾ ಅಂದೆ, ಏನೋ ಕಣವ್ವ ವನಜಮ್ಮ, ನಾನು ಒರಿಸ್ತಾ ಇದ್ದೆ, ಗುಯ್ ಅಂತಿದ್ದದ್ದು ನಿಂತೋಯ್ತು, ಕೋಲು ತಗುಲ್ತೋ ಸೆರಗು ತಗುಲ್ತೋ, ತಗುಲ್ದೆ ಹೆಂಗ್ ನಿಂತಾತು, ಅಲ್ಲಿ ನಾನ್ ಬಿಟ್ಟು ಇನ್ಯಾರೂ ಇರ್ಲಿಲ್ವಲ್ಲ, ಎಲ್ರೂ ಹಂಗೇ ಅಂತಾವ್ರೆ, ಹಂಗಾರೆ ನಾನೇ ಇರ್ಬೇಕು. ಅದನ್ನು ಕೇಳಿ ನನಗೆ ಬಂದದ್ದು ಕನಿಕರವಲ್ಲ, ಹೇಳಿಕೊಳ್ಳಲು ನಾಚಿಕೆ, ಬಂದದ್ದು ಒಂದು ಸಮಾಧಾನ, ಇರಬಹುದಲ್ಲ, ನಾನು ಆರಿಸಿದ ಕ್ಷಣಕ್ಕೇ ಅವಳ ಕೋಲೂ ತಗುಲಿರಬಹುದಲ್ಲ, ಎರಡೂ ಒಟ್ಟಿಗೆ, ಯಾವುದು ಮೊದಲು ಯಾವುದು ಆಮೇಲೆ ಯಾರು ಕಂಡರು, ರಾತ್ರಿ ಚಪಾತಿ ಲಟ್ಟಿಸುತ್ತಾ ಅದನ್ನೇ ತಿರುಗಿಸಿ ತಿರುಗಿಸಿ ನಂಬಲು ನೋಡಿದೆ, ಮುಕ್ಕಾಲು ನಂಬಿಯೂ ಬಿಟ್ಟೆ. ಆದರೆ ವೈರ್ ಕಿತ್ತಿದ್ದರೆ ಬಸವರಾಜ್ ಬರೀ ಗುಂಡಿ ಒತ್ತಿದ್ದಕ್ಕೆ ಯಂತ್ರ ಹೇಗೆ ಎದ್ದಿತು, ವೈರನ್ನು ಮತ್ತೆ ಸಿಕ್ಕಿಸಿದವರು ಯಾರು. ಯಾರೂ ಸಿಕ್ಕಿಸಿಲ್ಲ. ಅದು ಕಳಚಿಯೇ ಇರಲಿಲ್ಲ. ಇದು ಬೆಳಿಗ್ಗೆ ಬಸ್ಸಿನಲ್ಲಿ ಹೊಳೆಯಿತು, ಕಂಬಿ ಹಿಡಿದು ನಿಂತಿದ್ದಾಗ, ಇಳಿಯುವ ಸ್ಟಾಪು ದಾಟಿ ಹೋಯಿತು.

ಇವತ್ತು ಗುರುವಾರ, ಹನ್ನೆರಡಕ್ಕೆ ಗುಬ್ಬಿಯಲ್ಲಿ ಗಿರಿಯಮ್ಮನ ಹೆಬ್ಬೆಟ್ಟು ಒತ್ತಿಸಿಕೊಂಡು ಕೆಲಸದಿಂದ ಬಿಡಿಸುತ್ತಾರೆ, ಕಾಗದ ಇಲ್ಲಿಂದಲೇ ಹೋಗಿದೆ, ಗಂಟೆ ಹನ್ನೊಂದೂ ಮುಕ್ಕಾಲು, ಕಿಟಕಿ ಮುಚ್ಚಿಲ್ಲ, ಒರೆಸಿಲ್ಲ, ಎದ್ದೆ, ಕಾರಿಡಾರು ದಾಟಿದೆ, ಆಡಳಿತಾಧಿಕಾರಿ ಗುರುಸಿದ್ದಯ್ಯನವರ ಬಾಗಿಲಲ್ಲಿ ನಿಂತು ಸಾರ್, ಗುಬ್ಬಿ ಯಂತ್ರ ಆಫ್ ಮಾಡಿದ್ದು ನಾನು ಅಂದೆ. ನಿವೃತ್ತ ಹೆಡ್‌ಮಾಸ್ಟರು, ಹಣೆಯ ವಿಭೂತಿ ಬೆವರಿಗೆ ಒಂದು ಕಡೆ ಕರಗಿತ್ತು, ಕನ್ನಡಕ ತೆಗೆದರು, ನೀವು ಮಂಗಳ್ವಾರ ಗುಬ್ಬಿಗ್ ಹೋಗಿದ್ರಾ ಅಂದರು. ಇಲ್ಲ ಸಾರ್, ಇಲ್ಲೇ ಇದ್ದೆ. ಇಲ್ಲಿದ್ದೋರು ಅಲ್ಲಿದ್ದದ್ದನ್ನ ಹೆಂಗಮ್ಮ ಆಫ್ ಮಾಡ್ತೀರಿ, ನಿಮ್ಮೂರಿನ್ ಹೆಂಗ್ಸು ಅಂತ ಮರುಗ್ತಿದೀರಿ, ಒಳ್ಳೇ ಮನ್ಸು, ಆದ್ರೆ ಸುಳ್ ಹೇಳ್ಬಾರ್ದು, ಅವ್ಳೇ ಒಪ್ಕೊಂಡವ್ಳೆ. ಚಿಪ್ಪು, ಸಾಲು, ವಿಳಾಸ, ಏನೇನೋ ಹೇಳಿದೆ, ನನ್ನ ಮಾತು ನನಗೇ ಕಟ್ಟುಕತೆಯಂತೆ ಕೇಳಿಸಿತು, ಕೊನೆಗೆ ಬನ್ನಿ ಸಾರ್ ತೋರಿಸ್ತೀನಿ ಅಂದೆ, ಬಂದರು, ರಂಗನಾಥ್ ಎದ್ದು ನಿಂತವನು ಕೂರಲೇ ಇಲ್ಲ. ಪರದೆಯ ಸಾಲು ತೋರಿಸಿದೆ, ಇಂಗ್ಲಿಷ್ ಅಕ್ಷರಗಳನ್ನು ಹೆಡ್‌ಮಾಸ್ಟರು ಬೆರಳಿಟ್ಟು ಓದಿದರು, ಇದ್ರಿಂದ ಏನ್ ಗೊತ್ತಾಗುತ್ತೆ ಅಂದರು. ಆಗ ನೆನಪಾಯಿತು, ನಾನು ಒಂದು ಸಲವೂ ಬಳಸದ ಒಂದು ಆಜ್ಞೆ, ಅದನ್ನು ಬರೆದರೆ ಹತ್ತಾರು ಯಂತ್ರಗಳ ಸಾಲಿನಲ್ಲಿ ರಿಪೇರಿಯವನಿಗೆ ಯಾವುದು ಅಂತ ಗುರುತಾಗಲು ಯಂತ್ರದ ಮುಂದುಗಡೆ ಒಂದು ದೀಪ ಮಿಣುಕುತ್ತದಂತೆ, ಹದಿನೈದು ಸೆಕೆಂಡು, ಆಮೇಲೆ ತಾನೇ ಆರುತ್ತದಂತೆ. ಬಸವರಾಜನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ, ಗಿರಿಯಮ್ಮನ್ನ ಸರ್ವರ್ ಮುಂದೆ ನಿಲ್ಸಪ್ಪ, ಫೋನ್ ಅವ್ರ ಕೈಗೆ ಕೊಡು, ನೀನ್ ಆಚೆ ಹೋಗು, ಗಿರಿಯಮ್ಮಾ, ಏನೂ ಮುಟ್ಬೇಡಿ, ದೂರ ನಿಂತು ಅದರ ಮುಖ ನೋಡ್ತಾ ಇರಿ, ಏನ್ ಕಾಣುತ್ತೋ ಅದನ್ನ ಹೇಳಿ. ಬಾಣ ಒತ್ತಲಿಲ್ಲ, ಪೂರ್ತಿ ಸಾಲು ಬರೆದೆ, ಇಪ್ಪತ್ತೊಂದು, ಬಾಯಿಬಿಟ್ಟು ಓದಿದೆ, ಇಪ್ಪತ್ತೊಂದು, ಪಾಸ್‌ವರ್ಡ್ ತಪ್ಪಿತು, ಮತ್ತೆ ಹೊಡೆದೆ, ಎಂಟರ್.

ಫೋನಿನಲ್ಲಿ ಬರೀ ಗುಯ್ ಎನ್ನುವ ಸದ್ದು, ಅದು ಯಂತ್ರದ್ದೋ ಲೈನಿನದ್ದೋ, ಗುರುಸಿದ್ದಯ್ಯನವರು ಏನೋ ಕೇಳಲು ಬಾಯಿ ತೆರೆದರು, ಅಷ್ಟರಲ್ಲಿ ಗಿರಿಯಮ್ಮನ ದನಿ, ಅವ್ವಾ, ನೀಲಿ ಲೈಟು ಬತ್ತು, ಹತ್ತುತೈತೆ, ಆರ್ತೈತೆ, ನಾನೇನ್ ಮುಟ್ಟಿಲ್ಲ ಕಣವ್ವ, ದೂರದಾಗ್ ನಿಂತಿವ್ನಿ. ನಾನ್ ಮಾಡಿದ್ದು ಗಿರಿಯಮ್ಮ, ಇಲ್ಲಿಂದ, ತುಮಕೂರಿಂದ. ಈಗ ಆರೋಯ್ತು. ಮತ್ತೆ ನೋಡಿ ಅಂದೆ, ಸಾಲು ಮತ್ತೆ ಬರೆದೆ, ಎಂಟರ್, ಬತ್ತು ಅಂದಳು, ನೀಲಿ, ಆಮೇಲೆ, ಹಂಗಾರೆ ಅವತ್ತೂ ನೀನೇನಾ. ಹೂಂ, ನಾನೇ. ಹಂಗಾರೆ ನಾನಲ್ಲ. ನೀವಲ್ಲ. ನಾನೇ ಅಂತ ಎಲ್ರ ಕೈಲೂ ಅಂದ್ಬುಟ್ನಲ್ಲವ್ವ, ನನ್ ಮಗ್ಳಿಗೂ ನಾನೇ ಅಂದೆ ಅಂದಳು, ಬೈಯುತ್ತಾಳೆ ಅಂತ ಕಾದೆ, ಬೈದರೆ ಸಾಕಿತ್ತು, ಬೈಯಲಿಲ್ಲ. ಗುರುಸಿದ್ದಯ್ಯನವರು ಕನ್ನಡಕ ಹಾಕಿಕೊಂಡರು, ಬಸವರಾಜನ್ನ ಕರೀರಿ, ಆ ಕಾಗ್ದ ಹರ್ದಾಕೋಕೆ ಹೇಳಿ ಅಂದರು, ನನ್ನ ಕಡೆ ನೋಡದೆ, ನೀವು ಇದನ್ನೆಲ್ಲ ಬರ್ದು ಕೊಡಿ, ಪಾಸ್‌ವರ್ಡು ಬದ್ಲಾಯ್ಸಿ, ನಾಳೆಯಿಂದ ಇದನ್ನ ಮುಟ್ಬೇಡಿ, ಮುಂದಿನ್ ವಿಚಾರ ಕಮಿಟೀಲಿ ಅಂದು ಹೊರಟರು, ರಂಗನಾಥ್ ಅವರ ಹಿಂದೆ ಹೋದ. ಫೋನ್ ಇಡಬೇಕು, ಬರೆದು ಕೊಡಬೇಕು, ಏನಂತ ಬರೆಯುವುದು, ಯಾವ ಸಾಲಿನಿಂದ ಶುರು ಮಾಡುವುದು, ನಾಳೆ ಈ ಕುರ್ಚಿಯಲ್ಲಿ ಯಾರು ಕೂರುತ್ತಾರೆ, ನಾನು ಎಲ್ಲಿ ಕೂರುತ್ತೇನೆ, ಒಂದೂ ತಲೆಗೆ ಹತ್ತುತ್ತಿಲ್ಲ, ಗಿರಿಯಮ್ಮ ಇನ್ನೂ ಫೋನ್ ಹಿಡಿದೇ ನಿಂತಿದ್ದಾಳೆ, ಆರೋಯ್ತು ಕಣವ್ವ ಅನ್ನುತ್ತಾಳೆ, ಬೆರಳುಗಳು ತಾವೇ ಮತ್ತೆ ಸಾಲು ಬರೆದು ಎಂಟರ್ ಒತ್ತುತ್ತವೆ, ನಾನು ಆ ದೀಪವನ್ನು ಯಾವತ್ತೂ ಕಂಡಿಲ್ಲ, ಕಾಣುತ್ತಿದೆ, ಮುಚ್ಚಿದ ಕೋಣೆ, ಕರಿ ಯಂತ್ರದ ಮುಖದ ಮೇಲೆ ಜೋಳದ ಕಾಳಿನಷ್ಟು ನೀಲಿ, ಒದ್ದೆ ನೆಲದ ಮೇಲೆ ಅದರ ನೀಲಿ, ಅವಳ ಬರಿಗಾಲಿನ ಬೆರಳುಗಳ ಮೇಲೆ ನೀಲಿ — ಬತ್ತು ಅನ್ನುತ್ತಾಳೆ, ನೀಲಿ, ಆರುತ್ತದೆ, ನೀಲಿ.