ಹುಳದ ಮನೆ ಬಾಗಿಲು

ಕವಲಂದೆಯ ಬಾಯಿಗಳೆಲ್ಲ ಸೇರಿ ಮುದ್ದಮ್ಮನಿಗೆ ಕಲ್ಲೆದೆಯವಳು ಅಂತ ಹೆಸರಿಟ್ಟಿದ್ದವು. ಇಟ್ಕೊಳ್ಳಲಿ ಬಿಡಿ! ಅವಳ ಮಗಳು ಕವನ ಒಂಬತ್ತು ವರ್ಷವಾದರೂ ಒಂದು ಮಾತೂ ಆಡದೆ ಕೂತಿದ್ದಾಗ ಈ ಬಾಯಿಗಳು ಏನು ಕಲಿಸಿದ್ದವು?

ತಪ್ಪು ಮನೆಯೊಳಗೇ ಇತ್ತು. ಅತ್ತೆ ವೆಂಕಟಮ್ಮನಿಗೆ ಮೊಮ್ಮಗಳೆಂದರೆ ಪ್ರಾಣ. ಕವನ ಚೊಂಬಿನ ಕಡೆ ತಿರುಗೋ ಮೊದಲೇ ನೀರು ತುಟಿಗೆ ಬರುತ್ತಿತ್ತು. ಇನ್ನು ಆ ಮಗು ಯಾಕಾದರೂ ಕೇಳೀತು? ನಂಜನಗೂಡಿನಲ್ಲಿ ಇಂಥ ಮಕ್ಕಳಿಗೆ ಕಲಿಸುವ ನಯನ ಮೇಡಂ ಅದಕ್ಕೇ ಹೇಳಿದ್ದರು: "ಅವಳಿಗೆ ಬಲು ಇಷ್ಟವಾದದ್ದರ ಮುಂದೆ ನಿಂತು ಕಾಯಿರಿ. ಅರ್ಧ ಸದ್ದು ಬಂದರೂ ತಕ್ಷಣ ಕೊಡಿ."

ಕವನಳಿಗೆ ಇಷ್ಟ, ರೇಷ್ಮೆಹುಳ ಸೊಪ್ಪು ಮೇಯುವ ಸದ್ದು. ಮುದ್ದಮ್ಮ ದಿನಾ ಹುಳದ ಮನೆ ಚಿಲಕದ ಮೇಲೆ ಕೈಯಿಟ್ಟು, "ತೆಗಿ" ಅಂತ ಒಂದೇ ಸಲ ಹೇಳಿ ಕಾಯುವಳು. ಮಗಳು ಅತ್ತಳು, ಪರಚಿದಳು. ಹತ್ತನೇ ದಿನ "ತೆ" ಅಂದಳು. ಬಾಗಿಲು ತೆರೆಯಿತು.

ಆಮೇಲೆ ಮುದ್ದಮ್ಮನೇ ಎಡವಿದಳು. ಹುಳ ಪೊರೆ ಬಿಡುವ ಜ್ವರಕ್ಕೆ ಕೂತರೆ ಮೇಯಲ್ಲ ಅಂತ ಊರಿನ ಕೂಸಿಗೂ ಗೊತ್ತು. ಅವತ್ತೂ ಮಗಳನ್ನು ಬಾಗಿಲಿಗೆ ನಿಲ್ಲಿಸಿದಳಲ್ಲ! ಕವನ "ತೆ" ಅಂದಳು, ಬಾಗಿಲು ತೆರೆಯಿತು, ಒಳಗೆ ಸದ್ದೇ ಇಲ್ಲ. ಬಾಯಿಬಿಟ್ಟು ಕೇಳಿಯೂ ಮೋಸ. ಸಂಜೆ ಅವಳು ತುಟಿ ಬಿಚ್ಚಲಿಲ್ಲ. ಮುದ್ದಮ್ಮ ತನ್ನ ತಲೆ ತಾನೇ ಚಚ್ಚಿಕೊಂಡಳು.

"ಸಾಕು ಕಣೇ, ಮಗೀನ ಗೋಳುಯ್ಕೊಂಡಿದ್ದು! ನಾಳೀಕೆ ಹೆಮ್ಮಿಗೆಗೆ, ನನ್ ಮಗಳ ಮನೇಗೆ ಕರ್ಕೊಂಡೋಯ್ತೀನಿ. ಅಲ್ಲೇ ಇರ್ಲಿ" ಅಂದಳು ವೆಂಕಟಮ್ಮ.

"ಕಳ್ಸಾಕಿಲ್ಲ ಅತ್ತೆ. ಊರೇ ಬಂದು ನಿಂತ್ಕಂಡ್ರೂ ಕಳ್ಸಾಕಿಲ್ಲ."

ಬೆಳಿಗ್ಗೆ ಅತ್ತೆ ಒಂದು ಕೈಲಿ ಚೀಲ, ಇನ್ನೊಂದರಲ್ಲಿ ಮೊಮ್ಮಗಳನ್ನು ಹಿಡಿದು ಹೊರಟೇಬಿಟ್ಟಳು. ಮುದ್ದಮ್ಮ ಹಟ್ಟಿಯ ತಲೆಬಾಗಿಲಿಗೆ ಅಡ್ಡ ನಿಂತಳು. ಅಷ್ಟರಲ್ಲಿ ಹುಳದ ಮನೆಯಿಂದ ಸದ್ದು ಬಂತು. ಹುಳ ಜ್ವರದಿಂದೆದ್ದು ಹೊಟ್ಟೆಬಾಕರ ಹಾಗೆ ಮೇಯುತ್ತಿದ್ದವು. ಕವನ ಅತ್ತ ಜಗ್ಗಿದಳು. ವೆಂಕಟಮ್ಮ ತಾನೇ ಹೋಗಿ ಬಾಗಿಲು ತೆರೆದಳು.

"ಓಗು ಕಂದ, ನೀನು ಯಾರ್ನೂ ಕೇಳ್ಬೇಕಾಗಿಲ್ಲ."

ಕವನ ಒಳಗೆ ಹೋಗಲಿಲ್ಲ. ಬಾಗಿಲನ್ನು ಎಳೆದು ಮುಚ್ಚಿದಳು. ಚಿಲಕ ಹಾಕಿದಳು. ಅಜ್ಜಿಯ ಕೈ ಹಿಡಿದು ಅದರ ಮೇಲಿಟ್ಟಳು.

"ತೆಗಿ" ಅಂದಳು. ಪೂರ್ತಿ ಮಾತು.

ಮುದ್ದಮ್ಮನ ಕಣ್ಣು ತುಂಬಿತು. ಆದರೂ ಗಟ್ಟಿಯಾಗೇ ಅಂದಳು: "ತೆಗೀರಿ ಅತ್ತೆ. ನಿಮ್ಮನ್ನೇ ಕೇಳ್ತಾವ್ಳೆ."

ವೆಂಕಟಮ್ಮ ಚೀಲ ಕೆಳಗಿಟ್ಟು ಚಿಲಕ ತೆಗೆದಳು.